ಬ್ರಷ್ ಮಾವನ ಕಾವಲು

ಏ ಮಹಡಿ ಮೇಲಿನವರೇ, ಏ ಸೈಕಲ್ ನಿಲ್ಲಿಸಿದವರೇ, ಇತ್ತ ಒಂಚೂರು ಕಿವಿ ಕೊಡಿ! ಬ್ರಷ್ ಮಾವನ ಸುದ್ದಿ ಇದು.

ಬ್ರಷ್ ಮಾವ ಅಂಗಡಿಗಳಿಗೆ ಬೋರ್ಡು ಬರೆಯುವವನು. ಕೈ ಬಂಗಾರ, ಮನಸ್ಸು ಮಾತ್ರ ಸಂಶಯದ ಗೂಡು. ಹಾಗಾಗಿದ್ದು ಒಂದು ಬೇಕರಿಯಿಂದ. ಊಟದ ಮೇಲಿನ ಸಿಹಿಗೆ ಇಂಗ್ಲಿಷಿನಲ್ಲಿ ಡೆಸರ್ಟ್ ಅಂತಾರೆ, ಅದಕ್ಕೆ ಎರಡು ಎಸ್ ಬೇಕಂತೆ. ಇವನು ಒಂದೇ ಹಾಕಿದ, ಅದು ಮರಳುಗಾಡಾಯಿತು. "ಒಂಟೆ ಎಲ್ಲಿ ಕಟ್ಟೋದು?" ಎಂದು ಗಿರಾಕಿಗಳು ಬೇಕರಿಯವನ ಪ್ರಾಣ ಹಿಂಡಿದರು. ಅಂದಿನಿಂದ ಮಾವ ಇಂಗ್ಲಿಷ್ ಪದವನ್ನು ಮೊದಲು ಸೀಮೆಸುಣ್ಣದಲ್ಲಿ ಬರೆದು, ಬೋರ್ಡನ್ನು ಹೊರಗೆ ಗೋಡೆಗೆ ಒರಗಿಸುತ್ತಾನೆ. ತಾನು ಎದುರಿನ ಕಂಬದ ಹಿಂದೆ ನಿಂತು, ಯಾರಾದರೂ ನಗುತ್ತಾರೋ ಎಂದು ಕಾಯುತ್ತಾನೆ. ಯಾರೂ ನಗದಿದ್ದರೆ ಮಾತ್ರ ಬಣ್ಣ.

ಅವತ್ತು ಪೆನ್ನು, ಕಾಗದ ಮಾರುವ ಅಂಗಡಿಯ ಬೋರ್ಡು. ಸ್ಟೇಷನರಿ ಎಂದು ಬರೆಯಬೇಕು. ಅಕ್ಷರ ಹೇಳಿಕೊಟ್ಟವಳು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಸೊಸೆ.

"ಎನ್ ಆದ್ಮೇಲೆ ಇ ಹಾಕಿ ಮಾವ. ಎ ಹಾಕಿದ್ರೆ ಅಲುಗಾಡದೆ ನಿಂತಿರೋದು ಅಂತಾಗುತ್ತೆ," ಎಂದು ಹೇಳಿ ಕೆಲಸಕ್ಕೆ ಹೋದಳು.

ಮಾವನ ತಲೆಗೆ ಹುಳ ಹೊಕ್ಕಿತು. ಪಕ್ಕದ ಬೀದಿಯ ಬೋರ್ಡಿನಲ್ಲಿ ಎ ಇದೆಯಲ್ಲ! ಮೊನ್ನೆ ತಾನೇ ನೆಂಟರೆದುರು, ಬಟ್ಟೆ ಒಗೆಯೋಕೂ ಬರಲ್ಲ ಎಂದು ಅವಳ ಮೇಲೆ ರೇಗಿದ್ದ. ಸೇಡು ತೀರಿಸಿಕೊಳ್ಳುತ್ತಿದ್ದಾಳೋ?

ಅವಳು ಹೇಳಿದಂತೆ ಸೀಮೆಸುಣ್ಣದಲ್ಲಿ ಇ ಬರೆದು, ಬೋರ್ಡು ಹೊರಗಿಟ್ಟು ಕಂಬದ ಹಿಂದೆ ನಿಂತ. ಹಾಲಿನವನು ಓದಿ ಮುಂದೆ ಹೋದ. ಟೈಲರ್ ಓದಿ ಕೆಮ್ಮಿದ. ಅದು ಕೆಮ್ಮೋ, ನುಂಗಿಕೊಂಡ ನಗುವೋ? ಕೊನೆಗೊಬ್ಬ ಬೋರ್ಡಿನ ಮುಂದೆಯೇ ಹಲ್ಲು ಕಿರಿದ. ಮಾವ ಹಾರಿ ಬಂದು ಅವನ ತೋಳು ಹಿಡಿದ.

"ಯಾಕಯ್ಯಾ ನಗ್ತೀಯ? ನನ್ನ ಸೊಸೆ ಬೇಕಂತಲೇ ತಪ್ಪು ಹೇಳ್ಕೊಟ್ಟಿದಾಳೆ ತಾನೇ?"

"ಅಯ್ಯೋ ಬಿಡಿ ಯಜಮಾನ್ರೇ! ಫೋನಲ್ಲಿ ನನ್ನ ಹೆಂಡ್ತಿ ಏನೋ ಹೇಳಿದ್ಲು!" ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು.

ತಿರುಗಿದರೆ ಊಟದ ಬಿಡುವಿಗೆ ಬಂದ ಸೊಸೆ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಳು.

"ನನ್ನ ಕೌಂಟರಲ್ಲೂ ಒಂದಕ್ಷರ ಆಚೀಚೆ ಆದ್ರೆ ಔಷಧಿನೇ ಬೇರೆ, ಮಾವ. ಗುರುತಿಲ್ಲದವರು ನನ್ನ ನಂಬಿ ಮಾತ್ರೆ ನುಂಗ್ತಾರೆ. ನೀವು ನೋಡಿದ್ರೆ ಕಂಬದ ಹಿಂದೆ ನಿಂತಿದೀರ."

"ಹಂಗಲ್ಲಮ್ಮ... ಮೊನ್ನೆ ಬೈದಿದ್ದಕ್ಕೆ ನಿಂಗೆ ಕೋಪ ಇರ್ಬೋದು ಅಂತ..."

"ಇದೆ. ಬೇಕಾದಷ್ಟಿದೆ. ಆದ್ರೆ ಅಕ್ಷರ ಸರಿ ಇದೆ. ನಂಬಿಕೆ ಇದ್ರೆ ಈಗಲೇ ಬಣ್ಣ ಹಚ್ಚಿ. ಇಲ್ಲಾಂದ್ರೆ ಇವತ್ತಿಂದ ನನ್ನ ಒಂದು ಪದಾನೂ ಕೇಳ್ಬೇಡಿ."

ಮಾವ ಬೋರ್ಡನ್ನು ಒಳಗೆ ಹೊತ್ತು ತಂದು, ಕೆಂಪು ಬಣ್ಣದ ಡಬ್ಬದ ಮುಚ್ಚಳ ಮೀಟಿ ತೆಗೆದ. ಎನ್‌ವರೆಗೆ ಬ್ರಷ್ಷು ಸರಾಗವಾಗಿ ಓಡಿತು. ಅಲ್ಲಿ ತಡೆಯಿತು. ಓರೆಗಣ್ಣಿನಿಂದ ಸೊಸೆಯ ಮುಖ ನೋಡಿದ, ಏನೂ ಹೊಳೆಯಲಿಲ್ಲ. ಉಸಿರು ಬಿಗಿಹಿಡಿದು ಇ ಬರೆದೇಬಿಟ್ಟ.

ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಗೊಳ್ಳೆಂದು ನಕ್ಕರು. ಮಾವನ ಕತ್ತು ಬಾಗಿಲ ಕಡೆ ಅರ್ಧ ತಿರುಗಿ ಹಿಂದಕ್ಕೆ ಬಂತು. ಉಳಿದೆರಡು ಅಕ್ಷರ ಮುಗಿಸಿ, ಬ್ರಷ್ಷನ್ನು ತೊಳೆಯಲು ಸೀಮೆಎಣ್ಣೆಯಲ್ಲಿ ಅದ್ದಿದ.