ಕೆಂಪು ಬಟ್ಟೆ ಹೊದ್ದು ಬಂದವನು

ನೀಲಮ್ಮ, ನಿನ್ನ ಅಪ್ಪ ಚೌಡಪ್ಪನನ್ನು ಕೊಂದದ್ದು ಕಾಡುಹಂದಿಯಲ್ಲ. ನಾವು ಹನ್ನೊಂದು ಜನ ಭರ್ಜಿಯಿಂದ ತಿವಿದು ಕೊಂದೆವು. ಉಳಿದ ಹತ್ತು ಜನ ಹೆದರಿ ಹೊಡೆದರು. ನನಗೆ ಆ ಹೆದರಿಕೆಯೂ ಇರಲಿಲ್ಲ — ಅದನ್ನು ಹೇಳುವುದಕ್ಕೇ ಈ ಕಾಗದ.

ರಷ್ಯಾದವರು ನಾಯಿಯನ್ನು ಕೂರಿಸಿ ಆಕಾಶಕ್ಕೆ ಕಳಿಸಿದ ಮರುವರ್ಷ ಅದು. ಬಂದಳಿಕೆ ಪಕ್ಕದ ನಮ್ಮೂರಿಗೆ ಶಿಕಾರಿಪುರದಿಂದ ಬರುತ್ತಿದ್ದ ಪೇಪರನ್ನು ಚಾವಡಿಯಲ್ಲಿ ಓದಿ ಹೇಳುವುದು ಶಾಲೆ ಮಾಸ್ತರನಾದ ನನ್ನ ಕೆಲಸ. ಓದಿದ್ದು ಒಂದು ಸಾಲಾದರೆ ಸೇರಿಸಿದ್ದು ಹತ್ತು. ಇಲ್ಲಿಂದ ನಾಯಿ ಹೋದರೆ ಅಲ್ಲಿಂದಲೂ ಯಾರಾದರೂ ಬರುತ್ತಾರೆ ಅಂದೆ. ಅವರ ಹಡಗಿನಲ್ಲಿ ಏಳು ಜನ, ಅವರಿಗೊಬ್ಬ ನಾಯಕ ಅಂದೆ. ಇಳಿದ ಊರಿನ ಮಾತನ್ನೇ ಆಡುತ್ತಾರೆ ಎಂದೂ ಅಂದೆ. ಇದನ್ನು ನಾನು ಎಲ್ಲೂ ಓದಿರಲಿಲ್ಲ, ನೀಲಮ್ಮ. ಬಾಯಿಗೆ ಬಂತು, ಹೇಳಿದೆ. ಯಾರೂ ಎದ್ದು ಹೋಗುತ್ತಿರಲಿಲ್ಲ, ಅದು ನನಗೆ ಬಹಳ ಹಿತವಾಗಿತ್ತು.

ಸುಗ್ಗಿ ಮುಗಿದ ಒಂದು ಬೆಳಿಗ್ಗೆ ಕೆಂಪು ಕೊಡೆಯಂಥದೊಂದು ಆಕಾಶದಿಂದ ತೇಲಿ ಬಂದು ಬಂದಳಿಕೆಯ ಹಾಳುಗುಡಿಗಳ ಹಿಂದಿನ ಪೊದೆಕಾಡಿಗೆ ಬಿತ್ತು. ಅದರಿಂದ ದಾರ ಹರಿದು ಒಂದು ಬಿಳಿ ಪೆಟ್ಟಿಗೆ ಗದ್ದೆಗೆ ಉದುರಿತು. ಊರೇ ಓಡಿತು, ಯಾರೂ ಮುಟ್ಟಲಿಲ್ಲ. ನಾನು ಮುಟ್ಟಿದೆ. ಮೇಲೊಂದು ಇಂಗ್ಲಿಷ್ ಚೀಟಿ ಅಂಟಿಸಿತ್ತು — ಇದು ಹವಾಮಾನ ಅಳೆಯುವ ಯಂತ್ರ, ಅಪಾಯವಿಲ್ಲ, ಸಿಕ್ಕವರು ಅಂಚೆ ಕಚೇರಿಗೆ ತಲುಪಿಸಿ.

"ಏನ್ ಬರ್ದೈತ್ರೀ ಮಾಸ್ತರ್ರ?" ಅಂದ ನಿಂಗಪ್ಪ. ಊರಿನ ಬೇಟೆಗೆ ಅವನೇ ಮುಂದಾಳು.

ನಿಜ ಹೇಳಿದ್ದರೆ ನನ್ನ ಹಡಗು, ನಾಯಕ, ಏಳು ಜನ — ಎಲ್ಲ ಬರೀ ಬುರುಡೆ ಎಂದು ನಕ್ಕುಬಿಡುತ್ತಿದ್ದರು. ನಗಲಿ ಎಂದು ಬಿಟ್ಟಿದ್ದರೆ... "ಇದು ಭೂಮಿಯ ಬರವಣಿಗೆ ಅಲ್ಲ," ಅಂದೆ.

ಆಕಾಶದಿಂದ ಇಳಿದವರನ್ನು ಹಿಡಿಯಲು ನಮ್ಮವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಹಂದಿ ಬೇಟೆಗೆ ಮಾಡುವ ಹಾಗೇ ಪೊದೆಕಾಡಿನ ಒಂದು ಮಗ್ಗುಲಿಗೆ ಬಲೆ ಕಟ್ಟಿದರು. ಎದುರು ಮಗ್ಗುಲಿಂದ ಡೋಲು, ತಗಡು ಬಡಿಯುತ್ತ ಒಳಗಿದ್ದದ್ದನ್ನು ಓಡಿಸಲು ಇಳಿದರು. ಬಲೆಯ ಹತ್ತಿರ ಭರ್ಜಿ ಹಿಡಿದವರು ಪಿಟಕ್ಕೆನ್ನುವ ಹಾಗಿಲ್ಲ; ಬಲೆಗೆ ಬಿದ್ದದ್ದನ್ನು ನೋಡುತ್ತ ನಿಲ್ಲದೆ ತಿವಿಯಬೇಕು. ಅವತ್ತು ನಿಂಗಪ್ಪ ಮುಂದಾಳುತನವನ್ನು ನನಗೇ ಬಿಟ್ಟ. ಏನೂ ಬರುವುದಿಲ್ಲ ಎಂದು ಗೊತ್ತಿದ್ದವನ ಧೈರ್ಯ ನನ್ನದು. ಬಂದರೆ ಒಂದು ಹಂದಿ, ಸಂಜೆಗೆ ಊಟವಾಯಿತು ಎಂದುಕೊಂಡಿದ್ದೆ.

ನಿನ್ನ ಅಪ್ಪ ನಸುಕಿನಲ್ಲೇ ತಪ್ಪಿಸಿಕೊಂಡ ಕಡಸನ್ನು ಹುಡುಕುತ್ತ ಆ ಪೊದೆಗೆ ಹೋಗಿದ್ದ. ಊರಲ್ಲಿ ನಡೆದದ್ದು ಅವನಿಗೇನು ಗೊತ್ತು? ಅಲ್ಲಿ ಆ ಕೊಡೆಯ ಕೆಂಪು ಬಟ್ಟೆ ಸಿಕ್ಕಿದೆ, ಮುಳ್ಳು ತರಚದಿರಲೆಂದು ತಲೆಯಿಂದ ಮಂಡಿಯವರೆಗೆ ಹೊದ್ದಿದ್ದಾನೆ. ಡೋಲಿನ ಸದ್ದಿಗೆ ಗಾಬರಿಬಿದ್ದು ಓಡಿದ. ಓಡಿ ಬಂದು ಬಲೆಗೆ ಬಿದ್ದ.

ಮೊದಲ ಭರ್ಜಿ ಪಕ್ಕೆಗೆ ಹೋಯಿತು. ಎರಡನೆಯದು ತೊಡೆಗೆ. "ನಾನ್ರೋ, ಹೊಡೀಬ್ಯಾಡ್ರೋ!" ಎಂದು ಬಟ್ಟೆಯ ಒಳಗಿಂದ ಕೂಗು ಬಂತು. ಕೈಗಳು ನಿಂತವು. "ಮನುಷ್ಯರ ದನಿ ಐತಲ್ರೀ," ಅಂದ ನಿಂಗಪ್ಪ. "ನಮ್ಮ ಮಾತೇ ಆಡ್ತಾವಂತ ಮಾಸ್ತರ್ರೇ ಹೇಳ್ಯಾರಲ್ಲೋ," ಅಂದ ಇನ್ನೊಬ್ಬ. ಎಲ್ಲರೂ ನನ್ನ ಮುಖ ನೋಡಿದರು.

ಬಲೆಯಲ್ಲಿರುವುದು ಮನುಷ್ಯನೇ ಎಂದು ಅಲ್ಲಿ ಖಂಡಿತವಾಗಿ ಗೊತ್ತಿದ್ದದ್ದು ನನಗೊಬ್ಬನಿಗೇ. ಯಾರು ಎಂದು ತಿಳಿದಿರಲಿಲ್ಲ — ತಿಳಿದಿದ್ದರೆ ಬೇರೆ ಮಾಡುತ್ತಿದ್ದೆನೇ? ಈಗಲೂ ಹೇಳಲಾರೆ. ಬಟ್ಟೆ ಸರಿಸಿದರೆ ನನ್ನ ಸುಳ್ಳು ಬಯಲಾಗುತ್ತದೆ. ಅಷ್ಟೇ ಯೋಚಿಸಿದೆ.

"ಬಿಡಬ್ಯಾಡ್ರಿ," ಅಂದೆ.

ಆಮೇಲೆ ಎಷ್ಟು ಭರ್ಜಿ ಬಿದ್ದವೋ ಲೆಕ್ಕವಿಲ್ಲ. ಒಂದು ನನ್ನದು. ಕುತ್ತಿಗೆಯ ಕೆಳಗೆ ಎಲುಬಿಗೆ ತಾಗಿ ಜಾರಿತು. ಎಳೆದು ಇನ್ನೊಮ್ಮೆ ತಿವಿದೆ. ಕೂಗು ನಿಂತದ್ದು ಆಗ. ಬಟ್ಟೆ ಬಿಡಿಸಿ ಚೌಡಪ್ಪನ ಮುಖ ಕಂಡಾಗ ನಿಂಗಪ್ಪ ಅಲ್ಲೇ ಕುಕ್ಕರಿಸಿದ.

ಹಂದಿ ಸೀಳಿತು ಎನ್ನೋಣ ಅಂದವನೂ ನಾನೇ. ಪಂಚನಾಮೆಯನ್ನು ಬರೆದುಕೊಟ್ಟವನೂ ನಾನೇ. "ಗೊತ್ತಿಲ್ದೇ ಆಗಿದ್ದು, ನೀವೇನ್ ಮಾಡ್ತೀರಿ ಮಾಸ್ತರ್ರ" ಎಂದು ನಿಂಗಪ್ಪ ಸಾಯುವವರೆಗೂ ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಚೀಟಿಯಲ್ಲಿ ಏನಿತ್ತೆಂದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ನೀನು ಶಾಲೆಗೆ ಬಂದೆ. ಎರಡನೇ ಕ್ಲಾಸಿನ ಹುಡುಗಿ. "ಹಂದಿ ಎಷ್ಟ್ ದೊಡ್ಡದಿತ್ರೀ ಸಾರ್?" ಎಂದು ಕೇಳಿದೆ. ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅಷ್ಟಕ್ಕೆ ನಿನ್ನ ಅಪ್ಪ ಸಾಯುತ್ತಾನೆಯೇ ಎಂಬಂತೆ ನೋಡಿದೆ ನೀನು. ನಾನು ಕೈಗಳನ್ನು ಇನ್ನೂ ಅಗಲಿಸಿದೆ.

ಸೊರಬಕ್ಕೆ ಮದುವೆಯಾಗಿ ಹೋದ ಮೇಲೂ, ನಾನು ಚಂದ್ರಗುತ್ತಿ ಜಾತ್ರೆಗೆ ಹೋಗುವಾಗಲೆಲ್ಲ ನನ್ನನ್ನು ಕೂರಿಸಿ ಉಣಬಡಿಸಿದ್ದೀಯ. ಅಪ್ಪನ ಜಾಗದಲ್ಲಿದ್ದೀರಿ ಎಂದು ಮಕ್ಕಳಿಂದ ನನ್ನ ಕಾಲಿಗೆ ನಮಸ್ಕಾರ ಮಾಡಿಸಿದ್ದೀಯ. ನಾನು ತಲೆ ಮುಟ್ಟಿ ಹರಸಿದ್ದೇನೆ — ಅದೇ ಕೈಯಿಂದ.

ಇದರ ಇನ್ನೊಂದು ಪ್ರತಿಯನ್ನು ಇವತ್ತು ಪೊಲೀಸರಿಗೆ ಕೊಟ್ಟಿದ್ದೇನೆ. ಸೋಮವಾರ ಮೊದಲ ಬಸ್ಸಿಗೆ ಬಂದು ನಿಮ್ಮ ಮನೆಯ ಜಗಲಿಯ ಕೆಳಗೆ ನಿಲ್ಲುತ್ತೇನೆ. ನೀನು ಏನು ಹೇಳಿದರೂ, ಏನು ಮಾಡಿದರೂ ನಿಂತಿರುತ್ತೇನೆ. ಒಳಗೆ ಕರೆಯಬೇಡ.