ಗುಂಡಿ ಒತ್ತಿ ಕಾಯಿರಿ

ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ವಾರವಾಗಿತ್ತು. ಡಾಕ್ಟರಿಗೆ ತೋರಿಸಿಕೊಂಡು ಬರೋಣವೆಂದು ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋದೆವು. ಬಸ್ಸು ನಮ್ಮನ್ನು ಇಳಿಸಿದ್ದು ದೊಡ್ಡ ರಸ್ತೆಯ ಈ ಬದಿ, ಆಸ್ಪತ್ರೆ ಇದ್ದದ್ದು ಆ ಬದಿ. ರಸ್ತೆ ದಾಟುವವರಿಗೆಂದು ಅಲ್ಲಿ ಹೊಸದಾಗಿ ಒಂದು ಸಿಗ್ನಲ್ ಕಂಬ ನೆಟ್ಟಿದ್ದರು. ‘ಗುಂಡಿ ಒತ್ತಿ ಕಾಯಿರಿ’ ಎಂದು ಬರೆದಿತ್ತು.

ನಾನು ಮೇಷ್ಟ್ರು ಕೆಲಸದವಳು, ಬರೆದದ್ದನ್ನು ಬರೆದ ಹಾಗೇ ಮಾಡುವವಳು. ಒತ್ತಿ ಕಾದೆ. ದೀಪ ಬದಲಾಗಲಿಲ್ಲ. ಮತ್ತೆ ಒತ್ತಿದೆ.

ಪಕ್ಕದಲ್ಲಿ ಬುತ್ತಿ ಚೀಲ ಹಿಡಿದು ನಿಂತಿದ್ದವರೊಬ್ಬರು, “ನಾನೂ ಆಗ್ಲೇ ಒತ್ತಿವ್ನಿ ಕಣಮ್ಮ. ಅದು ಅದ್ಕೆ ಮನ್ಸು ಬಂದಾಗ ಬತ್ತದೆ,” ಎಂದರು.

ಕೊನೆಗೂ ನಮಗೆ ಹಸಿರು ಬಂತು. ಆದರೆ ಗಾಡಿಗಳು ನಿಲ್ಲಬೇಕಲ್ಲ! ಕಬ್ಬು ಹೇರಿದ ಟ್ರಾಕ್ಟರೊಂದು ನಿಂತಿತು; ಹಿಂದಿದ್ದ ಬಸ್ಸು ಹಾರ್ನ್ ಹೊಡೆದು ಹೊಡೆದು ಅದನ್ನೂ ಓಡಿಸಿತು. ನಾವು ಒಂದು ಕಾಲು ಕೆಳಗಿಡುವಷ್ಟರಲ್ಲಿ ಮತ್ತೆ ಕೆಂಪು. ಬಿಸಿಲಿಗೆ ಅತ್ತೆಯ ಮುಖ ಬೆವರಿ ಕಪ್ಪು ಕನ್ನಡಕ ಜಾರುತ್ತಿತ್ತು.

ಮೂರನೆಯ ಸಲ ಹಸಿರು ಬಂದಾಗ ಅತ್ತೆ ನನ್ನ ಕೈ ಹಿಡಿದು ನಡೆದೇಬಿಟ್ಟರು. ಸ್ಕೂಟರೊಂದು ಕಿರ್ರೆಂದು ನಮ್ಮ ಮುಂದೆಯೇ ನಿಂತಿತು. ಮೇಲಿದ್ದ ನಡುವಯಸ್ಸಿನ ಆಸಾಮಿ, “ಏನಜ್ಜಿ, ಕಣ್ ಕಾಣಾಕಿಲ್ವಾ?” ಎಂದು ರೇಗಿದ.

“ಆಪ್ರೇಸನ್ ಆಗಿರೋದು ನಂಗೆ ಕಣ್ಲಾ! ನಿನ್ಗೇನಾಗದೆ ದಾಡಿ? ಅಷ್ಟ್ ದಪ್ಪ ಕೆಂಪು ದೀಪ ಕಾಣಾಕಿಲ್ವಾ ನಿಂಗೆ?”

ಅವನು ತಲೆ ತಗ್ಗಿಸಿ ಸುತ್ತಿಕೊಂಡು ಹೋದ. ನಾವು ಹೇಗೋ ದಾಟಿದೆವು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು, ಬಿ.ಪಿ. ಯಾಕೆ ಇಷ್ಟು ಏರಿದೆ ಎಂದು ಕೇಳಿದರು. ಅತ್ತೆ ಕಿಟಕಿಯ ಆಚೆಗೆ ಕೈ ತೋರಿಸಿದರು.

ಮರುದಿನ ನಾನು ರಜೆ ಹಾಕಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದುಕೊಂಡು ಹೋದೆ. ಅಲ್ಲಿದ್ದ ಗುಮಾಸ್ತರು ಪೂರ್ತಿ ಓದಿ, “ಗುಂಡಿ ಸರಿಯಾಗೇ ಅದಲ್ಲ ಮೇಡಂ. ನಿಲ್ಲೋರಿಲ್ಲ ಅಂದ್ರೆ ನಾವೇನ್ ಮಾಡಾಣ?” ಎಂದು ಅರ್ಜಿಗೆ ಸೀಲು ಒತ್ತಿ ಇಟ್ಟುಕೊಂಡರು. ಇವತ್ತಿನವರೆಗೆ ಉತ್ತರವಿಲ್ಲ.

ಈಗ ನಾವು ಅಲ್ಲಿ ಇಳಿಯುವುದೇ ಇಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಆಟೋ ಹತ್ತಿ, ಆಸ್ಪತ್ರೆಯ ಬದಿಯಲ್ಲೇ ಬಂದು ಇಳಿಯುತ್ತೇವೆ. “ಇದೇ ಸುಖ ಬುಡು,” ಎನ್ನುತ್ತಾರೆ ಅತ್ತೆ. ಮೂವತ್ತು ಹೆಜ್ಜೆಯ ರಸ್ತೆಗೆ ಊರು ಸುತ್ತುವಾಗ ನನಗಂತೂ ಮೈ ಉರಿಯುತ್ತದೆ.