ಸೂಜಿ ಮೇಲಿರುವಾಗ

ಅವನನ್ನು ಎಲ್ಲರೂ ಕರೆಯುವುದು ಗಲಾಟೆ ಎಂದು. ಹೊಸದಾಗಿ ಪರಿಚಯವಾದವರಿಗೆ ಇದೊಂದು ತಮಾಷೆ, ಏಕೆಂದರೆ ಅವನಷ್ಟು ಬಾಯಿ ಮುಚ್ಚಿಕೊಂಡಿರುವ ಮನುಷ್ಯ ಆ ಬೀದಿಯಲ್ಲೇ ಇನ್ನೊಬ್ಬನಿಲ್ಲ. ಹೆಸರಿಟ್ಟವಳು ಅವನ ಅಕ್ಕ. ಚಿಕ್ಕವನಿದ್ದಾಗ ಕೈಗೊಂದು ಚಮಚ ಸಿಕ್ಕರೆ ಕಿಟಕಿಯ ಸರಳಿಗೆ ಬಡಿಯುತ್ತಿದ್ದ, ಸರಳು ಬೇಸರವಾದರೆ ಬಕೆಟ್ಟಿನ ತಳಕ್ಕೆ, ಅದೂ ಸಾಕಾದರೆ ಬಂದ ನೆಂಟರ ಮೊಣಕಾಲಿಗೆ. ಬಡಿಯುವ ಮಕ್ಕಳು ಎಲ್ಲ ಮನೆಗಳಲ್ಲೂ ಇರುತ್ತಾರೆ ಬಿಡಿ. ಬಡಿದಾದ ಮೇಲೆ ತಲೆ ಓರೆ ಮಾಡಿ, ಸದ್ದು ಪೂರ್ತಿ ಆರುವವರೆಗೆ ಕೇಳುತ್ತ ನಿಲ್ಲುವವರು ಕಡಿಮೆ.

ಆ ಚಟವೇ ಮುಂದೆ ಅವನ ಹೊಟ್ಟೆಪಾಡಾಯಿತು. ಅವನೀಗ ವಿಡಿಯೋ ಗೇಮ್ ಮಾಡುವ ಕಂಪನಿಯೊಂದರಲ್ಲಿ ಸದ್ದು ಮಾಡುವವನು, ಅದರಲ್ಲೂ ರಾಕ್ಷಸರ ಸದ್ದು. ಅವರದೊಂದು ಆಟವಿದೆ, 'ಏಳನೇ ಹೊಸ್ತಿಲು' ಎಂದು. ಭಾಗದ ಮೇಲೆ ಭಾಗ ಬರುತ್ತಲೇ ಇದೆ. ಆಡುವವರು ಕಥೆಯೊಳಗಿನ ಒಬ್ಬ ದಾರಿಹೋಕನ ಪಾತ್ರ ಹೊತ್ತು ಒಂದೊಂದೇ ಹೊಸ್ತಿಲು ದಾಟುತ್ತ ಹೋಗಬೇಕು, ಪ್ರತಿ ಹೊಸ್ತಿಲಲ್ಲೂ ಒಬ್ಬ ರಾಕ್ಷಸ. ಕತ್ತಿ ಹಿಡಿದು ಕಂಡಕಂಡಲ್ಲಿ ಕೊಚ್ಚಿದರೆ ಪ್ರಯೋಜನವಿಲ್ಲ, ಈ ರಾಕ್ಷಸರು ಸಾಯುವ ಪೈಕಿಯವರಲ್ಲ. ಒಂದು ಭಾಗದಲ್ಲಿ ಸೋತವನು ಮುಂದಿನ ಭಾಗದಲ್ಲಿ ಬೇರೆ ಮುಖ ಹೊತ್ತು ಬರುತ್ತಾನೆ. ನೆರಳು ತಿನ್ನುವವನೊಬ್ಬ. ನಿಮ್ಮದೇ ದನಿಯಲ್ಲಿ ನಿಮ್ಮನ್ನು ಕರೆಯುವವಳೊಬ್ಬಳು. ಬಾವಿಯ ತಳದಲ್ಲಿ ಕೂತು ಮೇಲಿನವರ ನಿದ್ದೆಯನ್ನು ಹಗ್ಗದ ಹಾಗೆ ಸೇದಿಕೊಳ್ಳುವವನು ಇನ್ನೊಬ್ಬ. ಅವರವರ ಗುಣ ತಿಳಿದು, ಲಯ ಹಿಡಿದು, ಪಕ್ಕದಲ್ಲೇ ನುಸುಳಿ ಹೋಗಬೇಕು.

ಇವರ ಚರ್ಮದ ಸದ್ದಿಗೆ ಗಲಾಟೆ ಒದ್ದೆ ಟವೆಲ್ಲು ಹಿಂಡಿದ. ಮೂಳೆಗೆ ಹಳೆಯ ಚರ್ಮದ ಬೆಲ್ಟು ತಿರುಚಿದ. ನಿದ್ದೆ ಸೇದುವವನ ಉಸಿರು ಅಂದರೆ ಗಿಡಕ್ಕೆ ನೀರು ಬಿಡುವ ಪೈಪಿನೊಳಗೆ ಇವನೇ ಕೆನ್ನೆ ಉಬ್ಬಿಸಿ ಊದಿದ್ದು. ಇಷ್ಟೆಲ್ಲ ಗೊತ್ತಿದ್ದೂ, ಸ್ಟುಡಿಯೋದ ದೀಪ ಆರಿಸಿ ಎಲ್ಲವನ್ನೂ ಕೂಡಿಸಿ ಹಾಕಿದಾಗ ಅವನ ಮೈ ಜುಮ್ಮೆನ್ನುತ್ತಿತ್ತು. ಟವೆಲ್ಲು ಎಲ್ಲಿ ಹೋಯಿತು, ಪೈಪು ಎಲ್ಲಿ ಹೋಯಿತು, ಅವನಿಗೇ ತಿಳಿಯುತ್ತಿರಲಿಲ್ಲ. ಕೋಣೆಯಲ್ಲಿ ಯಾರೋ ಬಂದು ನಿಂತಿರುತ್ತಿದ್ದರು. ತನ್ನ ಕೈಯಿಂದ ಹುಟ್ಟಿದವನ ಮುಂದೆ ತಾನೇ ಉಸಿರು ಬಿಗಿಹಿಡಿದು ಕೂರುವುದೆಂದರೆ ಎಂಥ ವಿಚಿತ್ರ ಎಂಬ ಬೆರಗು ಅವನಿಗೆ ಎಷ್ಟು ವರ್ಷವಾದರೂ ಹೋಗಲಿಲ್ಲ. ಆ ಕೆಲಸದವರಲ್ಲಿ ಒಂದು ಕಟ್ಟುಪಾಡಿದೆ: ಯಾವ ಸದ್ದು ಯಾವುದರಿಂದ ಬಂತೆಂದು ಹೊರಗಿನವರಿಗೆ ಬಾಯಿ ಬಿಡಬಾರದು. ಬಿಟ್ಟರೆ ರಾಕ್ಷಸ ಎದ್ದುಹೋಗುತ್ತಾನೆ, ಟವೆಲ್ಲು ಮಾತ್ರ ಉಳಿಯುತ್ತದೆ.

ಅಕ್ಕನ ಕಸುಬು ಹೊಲಿಗೆ. ಅಮ್ಮ ತೀರಿಹೋದ ಮೇಲೆ ತಮ್ಮನನ್ನು ಸಾಕಿ ಓದಿಸಿದ್ದು ಆ ಕಾಲಲ್ಲಿ ತುಳಿಯುವ ಮಷೀನೇ. ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ, ಬಟ್ಟೆಯ ರಾಶಿಯ ನಡುವೆ ಅವಳ ತಲೆಯಷ್ಟೇ ಕಾಣುತ್ತಿತ್ತು. ಸಂಜೆಯಾದರೆ ಸಾಕು, ಆಗ ಗಲಾಟೆಗೆ ಬೀರುವಿನ ಹಿಂದೆ, ಮಂಚದ ಕೆಳಗೆ, ಎಲ್ಲೆಂದರಲ್ಲಿ ರಾಕ್ಷಸರು. ಅಕ್ಕ ತಲೆ ಎತ್ತದೆ ಹೇಳುತ್ತಿದ್ದಳು, "ಮಷೀನು ಓಡ್ತಿರೋವರೆಗೂ ಯಾವನೂ ಒಳಗೆ ಬರಲ್ಲ ಕಣೋ, ಮಲಗು." ಅವನು ನಂಬಿ ಮಲಗುತ್ತಿದ್ದ. ಮಷೀನು ಓಡುತ್ತಿತ್ತು, ಯಾವನೂ ಬರುತ್ತಿರಲಿಲ್ಲ.

ಆಮೇಲೆ ಅಕ್ಕನ ಕಣ್ಣಿನ ನರ ಸೋಲುತ್ತ ಬಂತು. ಮೊದಲು ಸೂಜಿಯ ತೂತು ಹೋಯಿತು, ಆಮೇಲೆ ಅಳತೆ ಟೇಪಿನ ಅಂಕಿ, ಆಮೇಲೆ ಎದುರು ನಿಂತವರ ಮುಖ. ಆದರೂ ಹಟಮಾರಿ, ಬೆರಳಲ್ಲೇ ಸವರಿ ಹೊಲಿಯುತ್ತಿದ್ದಳು. ಒಂದು ದಿನ ಹಳೆಯ ಗಿರಾಕಿಯೊಬ್ಬಳ ಕೋಟು ಮಡಿಸಿ ಕೊಡುವಾಗ ಒಂದು ತೋಳು ಒಳಹೊರಗಾಗಿ ಕೂತಿರುವುದು ಅಕ್ಕನ ಬೆರಳಿಗೆ ತಿಳಿಯಿತು. ಅದೇ ಗಳಿಗೆಗೆ ಗಿರಾಕಿಯ ಕಣ್ಣಿಗೂ ಬಿತ್ತು. ಆಕೆ ಆ ತೋಳಿನ ಮಾತೇ ಎತ್ತದೆ, ತುಂಬ ಚೆನ್ನಾಗಿದೆ ಎಂದು ಹೇಳಿ ತೆಗೆದುಕೊಂಡು ಹೋದಳು. ಬೈದಿದ್ದರೆ ಅಕ್ಕ ತಿರುಗಿ ಬೈದು, ಬಿಚ್ಚಿ, ಸರಿಮಾಡಿ ಕೊಡುತ್ತಿದ್ದಳು. ಆ ಕನಿಕರವನ್ನು ಅವಳಿಂದ ಜೀರ್ಣಿಸಿಕೊಳ್ಳಲು ಆಗಲಿಲ್ಲ. ಅವತ್ತೇ ಮಷೀನಿನ ಮೇಲೆ ಹೊದಿಕೆ ಎಳೆದಳು.

ಅಲ್ಲಿಂದ ಅವಳು ಕುರ್ಚಿ ಬಿಟ್ಟು ಏಳುವುದೇ ಅಪರೂಪವಾಯಿತು. ತಮ್ಮ ಕೊಟ್ಟಾಗ ಉಣ್ಣುವುದು, ಕೇಳಿದ್ದಕ್ಕೆ ಹೂಂ ಅನ್ನುವುದು. ಕಣ್ಣು ಹೋದದ್ದಕ್ಕೆ ಗಲಾಟೆ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಅಕ್ಕ ಅನ್ನುವವಳೇ ದಿನದಿನಕ್ಕೆ ಅಳಿಸಿಹೋಗುತ್ತಿದ್ದಾಳೆ ಎಂಬ ಭಯ ಅವನನ್ನು ತಿನ್ನುತ್ತಿತ್ತು. ಹೇಗಾದರೂ ಮಾಡಿ ಅವಳನ್ನು ಆ ಕುರ್ಚಿಯಿಂದ ಎಬ್ಬಿಸಬೇಕಿತ್ತು. ಹೇಗೆ ಅನ್ನುವುದೇ ಅವನಿಗೆ ಹೊಳೆಯುತ್ತಿರಲಿಲ್ಲ.

ದಾರಿ ತೋರಿಸಿದ್ದು ನೆರಳು ತಿನ್ನುವವನು. ಗಲಾಟೆ ಮನೆಯಲ್ಲಿ ಕೂತು ಅವನ ಗುರುಗುಟ್ಟುವಿಕೆಯನ್ನು ತಿದ್ದುತ್ತಿದ್ದಾಗ ಕುರ್ಚಿಯಿಂದ ದನಿ ಬಂತು, "ಅದು ನಮ್ಮ ಬಚ್ಚಲಮನೆ ಬಾಗಿಲು ಅಲ್ವೇನೋ?" ಅವನ ಕಟ್ಟುಪಾಡು ಮಣ್ಣುಪಾಲಾಯಿತು. ಕಚೇರಿಯಲ್ಲಿ ಯಾರಿಗೂ ಹೊಳೆಯದ ಗುಟ್ಟು ಅದು. ಈ ಮನೆಯ ಸದ್ದುಗಳಲ್ಲೇ ಬದುಕಿದವಳಿಂದ ಮುಚ್ಚಿಡುವುದೆಂತು? ಬಹಳ ದಿನಗಳ ಮೇಲೆ ಅಕ್ಕ ನಕ್ಕಿದ್ದಳು. ಅವನು ತಡಮಾಡದೆ ಆಟದ ಕಂಟ್ರೋಲರನ್ನು ಅವಳ ಕೈಗಿತ್ತು, ಯಾವ ಗುಂಡಿ ಒತ್ತಿದರೆ ಏನು ಎಂದು ಹೇಳಿಕೊಟ್ಟ. ರಿಮೋಟಿಗೆ ಇಷ್ಟೊಂದು ಮೊಡವೆಗಳೇ ಎಂದು ಅವಳು ಗೊಣಗಿದಳು.

ಗೊಣಗುತ್ತಲೇ ಆಡಿದಳು. ಅವಳಿಗೆ ಚಿತ್ರ ಬೇಕಿರಲಿಲ್ಲ. ರಾಕ್ಷಸ ಎಡಕ್ಕೆ ಬಂದರೆ ಎಡಗಿವಿಯಲ್ಲಿ ಬಂದ, ಹಿಂದೆ ಬಂದರೆ ಕತ್ತಿನಲ್ಲಿ ಬಂದ. ಎಷ್ಟೋ ಸಲ ಸತ್ತಳು, ಸತ್ತಾಗಲೆಲ್ಲ ರಾಕ್ಷಸನ ವಂಶವನ್ನೇ ಜಾಲಾಡಿಸಿ ಬೈದಳು. ಅವಳು ಬೈಯುವುದನ್ನು ಕೇಳಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಗಲಾಟೆಗೆ ಹಬ್ಬವಾಗುತ್ತಿತ್ತು. ಒಂದೊಂದಾಗಿ ಹೊಸ್ತಿಲುಗಳು ಹಿಂದೆ ಬಿದ್ದವು.

ಇತ್ತ ಕಚೇರಿಯಲ್ಲಿ ಏಳನೇ ಹೊಸ್ತಿಲಿನ ಕೆಲಸ ಶುರುವಾಗಿತ್ತು. ಅಲ್ಲಿರುವವನು ಎಲ್ಲ ರಾಕ್ಷಸರಿಗಿಂತ ಹಿರಿಯ, ಅವರೆಲ್ಲರಿಗೂ ಮೂಲ. ಆಟದ ನಿರ್ದೇಶಕಿ ಅವನಿಗೆ ರೂಪವೇ ಬೇಡ ಎಂದು ತೀರ್ಮಾನಿಸಿದ್ದಳು. ಪರದೆ ಪೂರ್ತಿ ಕಪ್ಪು. "ಅವನಿಗೆ ದಣಿವಿಲ್ಲ, ಕೋಪ ಇಲ್ಲ. ಲೋಕ ಹುಟ್ಟಿದಾಗಿಂದ ಅದೇ ಕೆಲಸ ಮಾಡ್ತಾ ಇದ್ದಾನೆ. ಅದನ್ನ ಕೇಳಿಸಿ," ಎಂದಿದ್ದಳು. ಗಲಾಟೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದ, ಎಳೆದ, ಸೀಳಿದ. ಯಾವುದರಲ್ಲೂ ಆ ಹಿರಿಯ ಬರಲಿಲ್ಲ. ಪಕ್ಕದ ಮನೆಯವರ ಜೊತೆ ಅಕ್ಕ ಕಣ್ಣಾಸ್ಪತ್ರೆಗೆ ಹೋದ ಒಂದು ಬೆಳಿಗ್ಗೆ, ತೋಚದೆ ಕೂತಿದ್ದವನ ಕಣ್ಣಿಗೆ ಹೊದಿಕೆಯ ಕೆಳಗಿನ ಪೆಡಲು ಬಿತ್ತು. ಮಷೀನಿನ ಹೊಟ್ಟೆಗೆ ಮೈಕು ಕಟ್ಟಿ, ದಾರವಿಲ್ಲದೆ ಬಟ್ಟೆಯಿಲ್ಲದೆ ತುಳಿದ. ಆಮೇಲೆ ಆ ಸದ್ದನ್ನು ನಿಧಾನ ಮಾಡಿದ, ಇನ್ನೂ ನಿಧಾನ ಮಾಡಿದ.

ಹಾಕಿ ಕೇಳಿದ. ಬೆಟ್ಟದಷ್ಟು ಭಾರದ್ದು ಏನೋ ಮೇಲೆದ್ದು, ಅಲ್ಲೊಂದು ಗಳಿಗೆ ತಡೆದು, ನೆಲಕ್ಕಿಳಿಯುತ್ತಿತ್ತು. ಮತ್ತೆ ಏಳುತ್ತಿತ್ತು. ಅದಕ್ಕೆ ಯಾರ ಮೇಲೂ ಹಗೆಯಿರಲಿಲ್ಲ, ಯಾರಿಗಾಗಿಯೂ ಅದು ನಿಲ್ಲುವಂತಿರಲಿಲ್ಲ. ತನ್ನನ್ನು ರಾಕ್ಷಸರಿಂದ ಕಾಪಾಡಿದ ಸದ್ದಿನ ಒಳಗೇ ರಾಕ್ಷಸರ ಹಿರಿಯ ಇಷ್ಟು ವರ್ಷ ಕೂತಿದ್ದನೇ? ಹಾಗಾದರೆ ಅವನ ಭಯಕ್ಕೇ ಉಳಿದವರು ಒಳಗೆ ಬಂದಿರಲಿಕ್ಕಿಲ್ಲ ಎಂದುಕೊಂಡಾಗ ಗಲಾಟೆಯ ಕೈಮೇಲಿನ ಕೂದಲು ನಿಮಿರಿ ನಿಂತವು. ನಿರ್ದೇಶಕಿ ಕೇಳಿ, ಇವನೇ ಎಂದು ತಲೆಯಾಡಿಸಿ ಎದ್ದುಹೋದಳು.

ಆ ಖುಷಿಯಲ್ಲಿ ಅವನಿಗೆ ಒಂದು ಹೊಳೆಯಲೇ ಇಲ್ಲ. ಬಚ್ಚಲಮನೆ ಬಾಗಿಲನ್ನು ಗುರುತು ಹಿಡಿದವಳು ತನ್ನ ಮಷೀನನ್ನು ಹಿಡಿಯುವುದಿಲ್ಲವೇ? ಅಕ್ಕ ಆರನೆಯ ಹೊಸ್ತಿಲು ದಾಟಿ, ಮುಂದಿನದನ್ನು ಹಾಕು ಎಂದಾಗಲೇ ಅವನಿಗೆ ಅದು ಹೊಳೆದದ್ದು. ಅವಳು ಮುಚ್ಚಿಟ್ಟ ನೋವನ್ನು ಕೇಳದೆ ಕೆದಕಿ, ರಾಕ್ಷಸ ಮಾಡಿ, ಅವಳ ಮುಂದೆಯೇ ನಿಲ್ಲಿಸಿದಂತಾಗಿತ್ತು. ಅವಳು ಮುನಿಸಿಕೊಂಡು ಇದನ್ನೂ ಬಿಟ್ಟರೆ ಮತ್ತೆ ಆ ಕುರ್ಚಿಯೇ ಗತಿ. ಕೆಲಸ ಮುಗಿದಿಲ್ಲ, ಕೊನೆಯದು ಅಷ್ಟು ಚೆನ್ನಾಗಿಲ್ಲ ಎಂದೆಲ್ಲ ಸಬೂಬು ಹೇಳಿದ. ಸಬೂಬು ಹೇಳುವಾಗ ಅವನ ದನಿ ತೆಳುವಾಗುವುದು ಅಕ್ಕನಿಗೆ ಅವನು ಹಾಲುಹಲ್ಲಿನವನಿದ್ದಾಗಿನಿಂದ ಗೊತ್ತು.

ಭಾನುವಾರ ಮಧ್ಯಾಹ್ನ ಹಾಕಲೇಬೇಕಾಯಿತು. ಎದುರುಮನೆಯ ಮಹಡಿಯಲ್ಲಿ ಯಾರೋ ಒದ್ದೆ ಬಟ್ಟೆ ಕೊಡವುತ್ತಿದ್ದರು. ಪರದೆ ಕಪ್ಪಾಯಿತು. ಈಗ ಅವನಿಗೂ ಏನೂ ಕಾಣುತ್ತಿರಲಿಲ್ಲ, ಅವಳಿಗೂ ಕಾಣುತ್ತಿರಲಿಲ್ಲ. ನೆಲದಡಿಯಿಂದ ಹಿರಿಯ ಎದ್ದ, ತಡೆದ, ಇಳಿದ.

ಅಕ್ಕನ ಹೆಬ್ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಗಲಾಟೆ ಆಟ ಆರಿಸಲೆಂದು ಅರ್ಧ ಎದ್ದವನು ಅವಳ ಕಾಲು ನೋಡಿ ಹಾಗೆಯೇ ಉಳಿದ. ಬರಿಗಾಲು ನೆಲದ ಮೇಲೆ ತಾನಾಗಿ ಆಡತೊಡಗಿತ್ತು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಅಷ್ಟು ನಿಧಾನ ಮಾಡಿದ ಸದ್ದಿಗೆ ಸರಿಯಾಗಿ, ಅಷ್ಟೇ ನಿಧಾನವಾಗಿ.

"ಕುಂಟ್ತಾನೆ," ಎಂದಳು ಅಕ್ಕ, ತನಗೇ ಹೇಳಿಕೊಳ್ಳುವವಳಂತೆ. ಆಮೇಲೆ ಗುಂಡಿ ಒತ್ತಿ ಆಟದೊಳಗೆ ಹೆಜ್ಜೆ ಹಾಕಿದಳು.

ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ಬಟ್ಟೆ ಎಳೆದರೆ ಸೂಜಿ ಮುರಿಯುತ್ತದೆ. ಅದು ಮೇಲೆದ್ದಾಗ ಮಾತ್ರ ಬಟ್ಟೆ ಒಂದಿಷ್ಟು ಮುಂದೆ ಸರಿಯಬೇಕು, ಮತ್ತೆ ನಿಲ್ಲಬೇಕು. ಹೊಲಿಯುವವರು ಇದನ್ನು ಯೋಚಿಸಿ ಮಾಡುವುದಿಲ್ಲ. ಅಕ್ಕ ಆ ಕತ್ತಲಲ್ಲಿ ಬಟ್ಟೆಯಾದಳು. ಹಿರಿಯನ ಭಾರ ಮೇಲೆದ್ದಾಗ ಸರಿದಳು, ಇಳಿದಾಗ ನಿಂತಳು. ಲೋಕದ ಮೊದಲ ರಾಕ್ಷಸ ಅವಳ ತಲೆಯ ಮೇಲೆ ಏಳುತ್ತ ಇಳಿಯುತ್ತಿದ್ದ, ಅವಳು ಅವನ ಅಡಿಯಲ್ಲೇ ನಡೆದು ಹೋಗುತ್ತಿದ್ದಳು. ಅಂಥ ರಾಕ್ಷಸನನ್ನು ತಾನು ಹುಟ್ಟಿಸಿದ್ದು ದೊಡ್ಡದೆಂದು ಗಲಾಟೆ ಬೀಗಿದ್ದ. ಆ ರಾಕ್ಷಸನನ್ನೇ ಕಾಲಲ್ಲಿ ತುಳಿದು ತುಳಿದು ತನ್ನನ್ನು ಸಾಕಿದವಳು ಈ ಕುರ್ಚಿಯಲ್ಲಿದ್ದಾಳೆ ಎಂಬುದು ಈಗ ಕಣ್ಣಿಗೆ ಬಿತ್ತು.

ಸದ್ದು ನಿಂತಿತು. ಹಿರಿಯ ದಾರಿ ಬಿಟ್ಟಿದ್ದ. ಅಕ್ಕ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡಳು.

"ನನ್ನ ಮಷೀನು," ಎಂದಳು.

"ಹೂಂ."

"ತುಳಿದಿದ್ದು ನೀನು. ನಿನಗೆ ಯಾವಾಗ್ಲೂ ಹಿಮ್ಮಡಿ ಭಾರ. ಅದಕ್ಕೇ ನಿನ್ನ ರಾಕ್ಷಸ ಕುಂಟ."

ಅವನು ತಪ್ಪಾಯಿತು ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮತ್ತೆ ಹೇಳಿದಳು, "ಎಣ್ಣೆ ಇಲ್ಲದೆ ಒಣಗಿಹೋಗಿದೆ. ಮಷೀನನ್ನ ಯಾರಾದ್ರೂ ಹೀಗೆ ಇಟ್ಕೋತಾರಾ?" ಬೈದದ್ದು ಅವನಿಗೋ ತನಗೋ ತಿಳಿಯುವಂತಿರಲಿಲ್ಲ. ಬೈದವಳು ಎದ್ದು ನಿಂತಿದ್ದಳು. ಗೋಡೆ ಹಿಡಿದು ಮಷೀನಿನ ಬಳಿ ಹೋಗಿ ತಾನೇ ಹೊದಿಕೆ ಎಳೆದು ಬಿಸಾಡಿದಳು.

ಅವನು ಎಣ್ಣೆ ಬಿಟ್ಟ. ಸೂಜಿಗೆ ದಾರ ಪೋಣಿಸಲು ಹೋಗಿ ತಿಣುಕಾಡಿದ, ಕಣ್ಣಿದ್ದೂ ಇಷ್ಟು ಹೊತ್ತೇ ಎಂದು ಅನ್ನಿಸಿಕೊಂಡ. ತನ್ನದೇ ಹಳೆಯ ಅಂಗಿಯನ್ನು ತಂದು ಕೊಟ್ಟ. ಅಕ್ಕ ಬಟ್ಟೆಯ ಅಂಚನ್ನು ಬೆರಳಲ್ಲಿ ಅಳೆದು, ಗಾಲಿಗೆ ಕೈಕೊಟ್ಟು, ತುಳಿದಳು. ಕುಂಟದ ಸದ್ದು. ಗಲಾಟೆ ಕಣ್ಣು ಮುಚ್ಚಿಕೊಂಡು ಕೇಳಿದ. ಬೀರುವಿನ ಹಿಂದೆ ಯಾರೂ ಇರಲಿಲ್ಲ.

ಬಟ್ಟೆಯ ಕೊನೆ ಮುಟ್ಟಿ ಅಕ್ಕ ನಿಲ್ಲಿಸಿದಳು. ಅಂಗಿಯನ್ನು ಅವನ ಕಡೆ ಚಾಚಿ, ನೆಟ್ಟಗಿದೆಯಾ ಎಂದು ಕೇಳಿದಳು. ಅವನು ನೋಡಿದ. ಹೊಲಿಗೆ ಅರ್ಧದವರೆಗೆ ನೆಟ್ಟಗೆ ಬಂದು, ಆಮೇಲೆ ಅಂಚಿನ ಕಡೆಗೆ ವಾಲಿಕೊಂಡು ಹೋಗಿತ್ತು. ತುಂಬ ಚೆನ್ನಾಗಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೇ ಮಾತು ಹೇಳಿ ಕೋಟು ತೆಗೆದುಕೊಂಡು ಹೋದವಳ ನೆನಪಾಯಿತು.

"ಇಲ್ಲ ಅಕ್ಕ. ಅರ್ಧದಿಂದ ಆಚೆ ಸೊಟ್ಟ ಹೋಗಿದೆ."

ಅಕ್ಕ ಅಂಗಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕತ್ತರಿ ಕೊಡು," ಎಂದಳು. "ಬಿಚ್ಚಿ ಹೊಲೀತೀನಿ."